ಸಂಶೋಧನಾ ವಿಧಾನದ ಅಧ್ಯಾಯದಲ್ಲಿ ಏನು ಬರೆಯಲಿ?

ಕೇಳಿದವರು: ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ದೊಡ್ಡ ಕಡತಗಳಲ್ಲಿ ಹುಡುಕುವ ನನ್ನ ಅಲ್ಗಾರಿದಮ್ ಹಳೆಯದಕ್ಕಿಂತ ಶೇ 8ರಷ್ಟು ವೇಗವಾಗಿದೆ. ಎರಡನ್ನೂ ಹತ್ತು ಹತ್ತು ಸಲ ಓಡಿಸಿ ಸರಾಸರಿ ತೆಗೆದಿದ್ದೇನೆ. ಆದರೆ ‘ಸಂಶೋಧನಾ ವಿಧಾನ’ ಎಂಬ ಅಧ್ಯಾಯಕ್ಕೆ ‘ಪ್ರೋಗ್ರಾಂ ಬರೆದೆ, ಓಡಿಸಿದೆ’ ಎನ್ನುವುದರಾಚೆಗೆ ಏನೂ ಹೊಳೆಯುತ್ತಿಲ್ಲ. ಅನುಭವವಿದ್ದವರು ದಾರಿ ತೋರಿಸಿ.

ಮೊದಲ ಉತ್ತರ: ಬೇಸರಪಡಬೇಡಿ, ಆ ಶೇ 8ರ ಮೇಲೆಯೇ ನನಗೆ ಅನುಮಾನ. ನಾನೂ ಶೇ 6ರ ಗೆಲುವನ್ನು ನಂಬಿ ಎರಡು ತಿಂಗಳು ಬೀಗಿದವನು. ಸಹೋದ್ಯೋಗಿಯೊಬ್ಬರು ಅದೇ ಯಂತ್ರದಲ್ಲಿ, ಅದೇ ಪ್ರೋಗ್ರಾಂ ಅನ್ನು ತಮ್ಮ ಲಾಗಿನ್‌ನಿಂದ ಓಡಿಸಿದಾಗ ಗೆಲುವು ಅರ್ಧಕ್ಕಿಳಿಯಿತು. ಒಂದು ವಾರ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು: ಅವರ ಬಳಕೆದಾರ ಹೆಸರು ನನ್ನದಕ್ಕಿಂತ ಉದ್ದ. ಆ ಹೆಸರು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ (ಪ್ರೋಗ್ರಾಂ ಶುರುವಾಗುವಾಗ ವ್ಯವಸ್ಥೆ ಅದಕ್ಕೆ ಕೊಡುವ ಮಾಹಿತಿ) ಕುಳಿತು ಸ್ಟ್ಯಾಕ್ (ಪ್ರೋಗ್ರಾಂ ತನ್ನ ತಾತ್ಕಾಲಿಕ ಲೆಕ್ಕ ಇಡುವ ಮೆಮೊರಿ) ಆರಂಭವಾಗುವ ಜಾಗವನ್ನೇ ಸರಿಸುತ್ತಿತ್ತು, ಅಷ್ಟಕ್ಕೇ ವೇಗ ಬದಲಾಗುತ್ತಿತ್ತು. 2009ರಲ್ಲಿ ಸಂಶೋಧಕ ಮಿಟ್ಕೋವಿಚ್ ಮತ್ತು ಸಂಗಡಿಗರು ಇದನ್ನು ಅಳೆದು ತೋರಿಸಿದ್ದರು. ಆ ವೇರಿಯಬಲ್‌ಗಳ ಗಾತ್ರ ಅಥವಾ ಪ್ರೋಗ್ರಾಂನ ಕಡತಗಳನ್ನು ಲಿಂಕ್ ಮಾಡುವ (ಒಂದಾಗಿ ಜೋಡಿಸುವ) ಕ್ರಮ ಬದಲಾದರೆ ಸಾಕು, ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್‌ನ ವೇಗ ಹೆಚ್ಚಿಸುವ ಮಟ್ಟಗಳಲ್ಲಿ ಓ3 ಎಂಬುದು ಓ2ಗಿಂತ ಮೇಲೋ ಕೀಳೋ ಎಂಬ ತೀರ್ಮಾನವೇ ತಲೆಕೆಳಗಾಗಬಹುದಿತ್ತು.

ಈಗ ನಾನು ಪ್ರೊಸೆಸರ್‌ನ ವೇಗವನ್ನು ಸ್ಥಿರವಾಗಿಡುತ್ತೇನೆ, ಲಿಂಕ್ ಕ್ರಮವನ್ನು ಬೇಕೆಂದೇ ಕಲಸುತ್ತೇನೆ, ಸರಾಸರಿಯ ಜೊತೆಗೆ ಫಲಿತಾಂಶಗಳು ಎಷ್ಟು ಚೆದುರಿವೆ ಎಂಬುದನ್ನೂ ಕೊಡುತ್ತೇನೆ. ಇವನ್ನೆಲ್ಲ ಏಕೆ ಮಾಡಿದಿರಿ ಎಂದು ಬರೆಯಿರಿ, ಅದೇ ನಿಮ್ಮ ಅಧ್ಯಾಯ. ಅಂದ ಹಾಗೆ, ಹಳೆಯದನ್ನು ಮೊದಲು ಹತ್ತು ಸಲ, ಆಮೇಲೆ ಹೊಸದನ್ನು ಹತ್ತು ಸಲ ಓಡಿಸಿದಿರಾ? ಹಾಗಿದ್ದರೆ ಕಡತವನ್ನು ಡಿಸ್ಕ್‌ನಿಂದ ಮೆಮೊರಿಗೆ ಹೊತ್ತು ತಂದದ್ದು ಹಳೆಯದು. ನಿಮ್ಮದು ಬಿಟ್ಟಿ ಸವಾರಿ ಮಾಡಿದೆ.

ಎರಡನೆಯ ಉತ್ತರ: ಎದುರಾಳಿಯನ್ನೂ, ಅಂದರೆ ಹಳೆಯ ಅಲ್ಗಾರಿದಮ್ ಅನ್ನೂ, ಅಷ್ಟೇ ಶ್ರದ್ಧೆಯಿಂದ ಸಜ್ಜುಗೊಳಿಸಿದ್ದೀರಾ? ನನ್ನ ಮೌಖಿಕ ಪರೀಕ್ಷೆಯಲ್ಲಿ ಬಂದ ಮೊದಲ ಪ್ರಶ್ನೆ ಇದು. ನನ್ನದನ್ನು ಮೂರು ವಾರ ತಿದ್ದಿ ತೀಡಿದ್ದೆ, ಹಳೆಯದನ್ನು ಡೌನ್‌ಲೋಡ್ ಮಾಡಿದ ಹಾಗೆಯೇ ಓಡಿಸಿದ್ದೆ. ಉತ್ತರವಿರಲಿಲ್ಲ. ಇನ್ನೊಂದು ಮಾತು: ನಿಮ್ಮ ಹೇಳಿಕೆ ಯಾವುದು ಎಂಬುದನ್ನು ಮೊದಲು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಯಾವ ಸಂದರ್ಭದಲ್ಲೂ ಇಷ್ಟು ಹೆಜ್ಜೆ ಮೀರದು’ ಎನ್ನುವುದಾದರೆ ಗಣಿತದ ಪುರಾವೆ (ಪ್ರೂಫ್) ಬೇಕು, ಸಾವಿರ ಪ್ರಯೋಗಗಳೂ ಸಾಲವು. ‘ಬಳಸಲು ಸುಲಭ’ ಎಂದರೆ ಬಳಸುವವರನ್ನು ಕೂರಿಸಿ ನೋಡಬೇಕು.

ಮೂರನೆಯ ಉತ್ತರ: ಯಂತ್ರಕಲಿಕೆಯಲ್ಲಿ (ಮಷಿನ್ ಲರ್ನಿಂಗ್) ಇದು ಇನ್ನೂ ಫಜೀತಿ. 2018ರಲ್ಲಿ ಹೆಂಡರ್ಸನ್ ಮತ್ತು ಸಂಗಡಿಗರು ಒಂದೇ ಅಲ್ಗಾರಿದಮ್‌ನ ಹತ್ತು ಓಟಗಳನ್ನು ಐದೈದಾಗಿ ವಿಂಗಡಿಸಿ ಸರಾಸರಿ ತೆಗೆದರು. ರ್‍ಯಾಂಡಮ್ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಶುರುಮಾಡುವ ಸಂಖ್ಯೆ) ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಒಂದೇ. ಆದರೂ ನಕ್ಷೆಯಲ್ಲಿ ಎರಡು ಬೇರೆ ಅಲ್ಗಾರಿದಮ್‌ಗಳಂತೆ ಕಂಡವು.

ಕೇಳಿದವರು: ಹೌದು, ಹಳೆಯದನ್ನೇ ಮೊದಲು ಓಡಿಸಿದ್ದೆ. ನಿನ್ನೆ ರಾತ್ರಿ ಎರಡನ್ನೂ ಚೀಟಿ ಎತ್ತಿದ ಹಾಗೆ ಕಲಸಿ ಮೂವತ್ತು ಮೂವತ್ತು ಸಲ ಓಡಿಸಿದೆ. ಶೇ 8 ಇದ್ದದ್ದು ಶೇ 3 ಆಗಿದೆ. ಹಳೆಯದನ್ನು ಇನ್ನೂ ಸಜ್ಜುಗೊಳಿಸಿಲ್ಲ. ಮಾರ್ಗದರ್ಶಕರಿಗೂ ಇನ್ನೂ ಹೇಳಿಲ್ಲ.