ಪದಚರ್ಚೆ: ಸ್ನಾರ್ಕೆಲಿಂಗ್ ಅಂದರೆ ಮುಳುಗುವುದೋ, ತೇಲುವುದೋ?

ಪ್ರಶ್ನೆ

ಹವಳದ ದಿಬ್ಬ ತೋರಿಸಲು ದೋಣಿಯಲ್ಲಿ ಕರೆದೊಯ್ಯುವ ಪ್ರವಾಸಕ್ಕೆ ಕನ್ನಡದಲ್ಲೊಂದು ಸೂಚನಾಪತ್ರ ಸಿದ್ಧವಾಗುತ್ತಿದೆ. ದೋಣಿ ಹೊರಡುವ ಮುನ್ನ ಮಾರ್ಗದರ್ಶಿ ಅದನ್ನು ಓದಿ ಹೇಳಬೇಕು. ಸ್ನಾರ್ಕೆಲಿಂಗ್‌ಗೆ, ಅಂದರೆ ಮಾಸ್ಕ್ ತೊಟ್ಟು ಕೊಳವೆಯಿಂದ ಉಸಿರಾಡುತ್ತ ನೀರಿನ ಕೆಳಗಿನದನ್ನು ನೋಡುವುದಕ್ಕೆ, ‘ನೀರೊಳಗಿನ ಈಜು’, ‘ಕೊಳವೆ ಮುಳುಗು’, ‘ಸಮುದ್ರದಾಳದ ವಿಹಾರ’ ಎಂದೆಲ್ಲ ಬರೆಯುತ್ತಾರೆ. ಯಾವುದು ಸರಿ? ಕೋರಲ್ ರೀಫ್‌ಗೆ ದಿಬ್ಬವೋ ಬಂಡೆಯೋ? ಬ್ಲೀಚಿಂಗ್ (ಹವಳ ಬಣ್ಣ ಕಳೆದುಕೊಳ್ಳುವುದು), ಕರೆಂಟ್ (ಸಮುದ್ರದ ನೀರಿನ ಹರಿವು), ಈಕ್ವಲೈಸ್ ಮಾಡುವುದು (ಕಿವಿಯೊಳಗಿನ ಒತ್ತಡ ಸರಿದೂಗಿಸುವುದು), ಇವಕ್ಕೂ ಪದ ಬೇಕಾಗಿದೆ. ನಿಘಂಟಿನಲ್ಲಿ ಚೆನ್ನಾಗಿ ಕಾಣುವುದಕ್ಕಿಂತ, ಗಾಳಿ ಮತ್ತು ಎಂಜಿನ್ ಸದ್ದಿನ ನಡುವೆ ಒಮ್ಮೆ ಕೇಳಿದರೆ ತಿಳಿಯುವ ಮಾತಾಗಿರಬೇಕು.

ಉತ್ತರ

ಮೊದಲು ‘ಮುಳುಗು’ ಎಂಬುದನ್ನು ಪತ್ರದಿಂದ ತೆಗೆಯಿರಿ. ಕನ್ನಡದಲ್ಲಿ ‘ಮುಳುಗಿದ’ ಅಂದರೆ ಕೇಳುವವರ ಎದೆ ಧಸಕ್ ಎನ್ನುತ್ತದೆ. ‘ಮುಳುಗು ತಜ್ಞರು’ ಎಂಬ ಪತ್ರಿಕೆಯ ಮಾತೂ ನಮಗೆ ಸಿಗುವುದು ಹೆಚ್ಚಾಗಿ ಶವ ಹುಡುಕುವ ಸುದ್ದಿಯಲ್ಲೇ. ಅದು ಹಾಗಿರಲಿ, ಇಲ್ಲಿ ಅರ್ಥವೇ ಹೊಂದುವುದಿಲ್ಲ. ಸ್ನಾರ್ಕೆಲಿಂಗ್‌ನಲ್ಲಿ ಮೈ ನೀರಿನ ಮೇಲೆಯೇ ಇರುತ್ತದೆ. ಮುಖ ನೀರಿಗೆ, ಬೆನ್ನು ಬಿಸಿಲಿಗೆ, ಕೊಳವೆಯ ತುದಿ ಗಾಳಿಗೆ. ಇದಕ್ಕೆ ನಮ್ಮಲ್ಲಿ ಹೇಳಿ ಮಾಡಿಸಿದಂಥ ಜೋಡಿಪದ ಇದೆ: ಬೋರಲು, ಅಂಗಾತ. ‘ಬೋರಲು ತೇಲಿ’ ಅಂದರೆ ಹವಳ ನೋಡುವ ಭಂಗಿ. ‘ಅಂಗಾತ ತೇಲಿ’ ಅಂದರೆ ದಣಿದಾಗ, ಮಾಸ್ಕಿಗೆ ನೀರು ನುಗ್ಗಿದಾಗ, ದೋಣಿ ಬರುವವರೆಗೆ ಕಾಯುವ ಭಂಗಿ. ಇವೆರಡೇ ಮಾತು ತಿಳಿದರೆ ಅರ್ಧ ಪಾಠ ಮುಗಿಯಿತು.

ಕ್ರಿಯಾಪದದ ಆಯ್ಕೆ ಇಲ್ಲಿ ಬರಿಯ ಸೊಗಸಿನ ಮಾತಲ್ಲ. ‘ಈಜಿ’ ಎಂದರೆ ಹೊಸಬರು ಕೈ ಬಡಿಯುತ್ತಾರೆ, ಮುಂದೆ ನೋಡಲು ತಲೆ ಎತ್ತುತ್ತಾರೆ. ತಲೆ ಎತ್ತಿದ ಕೂಡಲೇ ಕೊಳವೆಯ ತುದಿ ಹಿಂದಕ್ಕೆ ವಾಲಿ ನೀರು ಕುಡಿಯುತ್ತದೆ, ಸೊಂಟ ಇಳಿಯುತ್ತದೆ, ಕಾಲು ಕೆಳಗಿನ ಹವಳಕ್ಕೆ ಬಡಿಯುತ್ತದೆ. ‘ತೇಲಿ, ಕೆಳಗೆ ನೋಡಿ, ಕಾಲು ಮಾತ್ರ ಆಡಿಸಿ’ ಎಂದರೆ ಮೂರೂ ತಪ್ಪುತ್ತವೆ. ಕಾಲನ್ನು ಮಂಡಿಯಿಂದಲ್ಲ, ಸೊಂಟದಿಂದ ಆಡಿಸಬೇಕು. ಸೈಕಲ್ ತುಳಿದಂತೆ ಮಂಡಿ ಮಡಚಿದರೆ ದಣಿವಷ್ಟೇ ಬರುತ್ತದೆ, ಮುಂದಕ್ಕೆ ಸಾಗುವುದಿಲ್ಲ.

ಸ್ನಾರ್ಕೆಲ್ ಎಂಬ ಹೆಸರು ಹಾಗೇ ಇರಲಿ. ಅದು ಜರ್ಮನ್ ನೌಕಾಪಡೆಯ ಆಡುಮಾತಿನಿಂದ ಬಂದದ್ದು. ಎರಡನೇ ಮಹಾಯುದ್ಧದ ಜಲಾಂತರ್ಗಾಮಿಗಳು ನೀರಿನಡಿಯಿಂದಲೇ ಗಾಳಿ ಎಳೆದುಕೊಳ್ಳಲು ಮೇಲಕ್ಕೆ ಚಾಚುತ್ತಿದ್ದ ಕೊಳವೆಗೆ ನಾವಿಕರು ‘ಶ್ನೋರ್ಶೆಲ್’ ಅಂದರು, ಅಂದರೆ ಮೂತಿ. ಗೊರಕೆಗೆ ಆ ಭಾಷೆಯಲ್ಲಿರುವ ಪದವೂ ಇದರ ನಂಟಿನದೇ. ಕನ್ನಡದಲ್ಲಿ ವಿವರಿಸುವಾಗ ‘ಉಸಿರುಗೊಳವೆ’ ಸಾಕು. ‘ಉಸಿರುನಾಳ’ ಮಾತ್ರ ಬೇಡ, ಅದು ಗಂಟಲಿನೊಳಗಿನದು. ಕೊಳವೆ ಎಂದ ಕೂಡಲೇ ಯಾರಾದರೂ ಒಬ್ಬರು ‘ಇನ್ನೂ ಉದ್ದದ್ದು ಕೊಟ್ಟರೆ ಆಳಕ್ಕೆ ಹೋಗಬಹುದಲ್ಲ?’ ಎಂದು ಕೇಳುತ್ತಾರೆ. ಪತ್ರದಲ್ಲೇ ಉತ್ತರ ಇರಲಿ. ಕೊಳವೆಯ ಉದ್ದ ಸುಮಾರು 35ರಿಂದ 40 ಸೆಂ.ಮೀ. ಇರುವುದಕ್ಕೆ ಕಾರಣಗಳಿವೆ. ಹೊರಬಿಟ್ಟ ಉಸಿರಿನ ಒಂದು ಪಾಲು ಕೊಳವೆಯಲ್ಲೇ ಉಳಿದು ಮುಂದಿನ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಉದ್ದ ಹೆಚ್ಚಿದಷ್ಟೂ ಈ ಹಳಸಿದ ಗಾಳಿ ಹೆಚ್ಚು. ಜೊತೆಗೆ ಒಂದು ಮೀಟರ್ ಆಳದಲ್ಲಿ ವಾಯುಭಾರದ ಹತ್ತನೇ ಒಂದರಷ್ಟು ಹೆಚ್ಚುವರಿ ಒತ್ತಡ ಎದೆಯ ಮೇಲೆ ಬೀಳುತ್ತದೆ, ಆದರೆ ಕೊಳವೆಯಿಂದ ಬರುವುದು ಮೇಲ್ಮೈಯ ಗಾಳಿ. ಆ ಭಾರದ ಎದುರು ಎದೆ ಹಿಗ್ಗಿಸಿ ಉಸಿರೆಳೆಯಲು ಸ್ನಾಯುಗಳು ಸೋಲುತ್ತವೆ.

ಕೊಳವೆಗೆ ನೀರು ಬಂದಾಗ ‘ಊದಿ’ ಎಂದಷ್ಟೇ ಹೇಳಿದರೆ ಬಲೂನು ಊದುವಂತೆ ಮೆಲ್ಲಗೆ ಊದುತ್ತಾರೆ, ನೀರು ಕದಲುವುದಿಲ್ಲ. ‘ಥೂ ಎಂದು ಒಂದೇ ಸಲ ಜೋರಾಗಿ ಊದಿ, ಮುಂದಿನ ಉಸಿರನ್ನು ನಿಧಾನವಾಗಿ ಎಳೆಯಿರಿ’ ಎನ್ನಿ. ತಳದಲ್ಲಿ ಎರಡು ಹನಿ ಉಳಿದೇ ಉಳಿಯುತ್ತದೆ. ಜೋರಾಗಿ ಎಳೆದರೆ ಅದು ನೇರ ಗಂಟಲಿಗೆ.

ಮಾಸ್ಕಿಗೆ ‘ಮುಖವಾಡ’ ಹೊಂದುವುದಿಲ್ಲ, ‘ಈಜುಗನ್ನಡಕ’ವಂತೂ ತಪ್ಪು. ಈಜುಗನ್ನಡಕ ಕಣ್ಣನ್ನಷ್ಟೇ ಮುಚ್ಚುತ್ತದೆ. ಇಲ್ಲಿ ಮೂಗೂ ಒಳಗಿರಬೇಕು, ಏಕೆಂದರೆ ಮೂಗಿನಿಂದ ಗಾಳಿ ಬಿಟ್ಟೇ ಒಳಗೆ ಸೋರಿದ ನೀರನ್ನು ಹೊರದಬ್ಬಬೇಕು. ‘ಮಾಸ್ಕ್’ ಎಂದೇ ಬರೆದು, ಪಕ್ಕದಲ್ಲಿ ‘ಕಣ್ಣು, ಮೂಗು ಎರಡನ್ನೂ ಮುಚ್ಚುವುದು’ ಎಂದು ಸೇರಿಸಿ. ಅಳತೆ ನೋಡುವ ಬಗೆ: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು ಕೈ ಬಿಡಿ. ಬೀಳದೆ ನಿಂತರೆ ಅದು ನಿಮ್ಮ ಅಳತೆಯದು. ಸೋರಿಕೆಗೆ ಸಾಮಾನ್ಯ ಕಾರಣ ಅಂಚಿನಡಿ ಸಿಕ್ಕಿಕೊಂಡ ಕೂದಲು ಅಥವಾ ಮೀಸೆ. ಪಟ್ಟಿ ಬಿಗಿದರೆ ಸೋರುವುದು ನಿಲ್ಲುತ್ತದೆ ಎಂಬ ನಂಬಿಕೆ ಬಲವಾಗಿದೆ, ಆದರೆ ಅತಿಯಾಗಿ ಬಿಗಿದರೆ ಅಂಚು ಮಡಚಿಕೊಂಡು ಇನ್ನಷ್ಟು ಸೋರುತ್ತದೆ. ಗಾಜು ಮಬ್ಬಾಗದಿರಲು ಒಳಬದಿಗೆ ಉಗುಳು ಸವರಿ ಸಮುದ್ರದ ನೀರಲ್ಲಿ ಒಮ್ಮೆ ಅದ್ದಿ ತೆಗೆಯುವುದು ಹಳೆಯ ಉಪಾಯ, ಈಗಲೂ ಸಲ್ಲುತ್ತದೆ.

ಇನ್ನು ಹವಳ. ಹಳಗನ್ನಡದ ‘ಪವಳ’, ಪಾಲು ಹಾಲಾದಂತೆ, ‘ಹವಳ’ವಾಯಿತು, ಸಂಸ್ಕೃತದ ‘ಪ್ರವಾಳ’ದ ನಂಟಿನದು. ಈ ಪದದ ತೊಡಕೆಂದರೆ ಅದು ಒಡವೆಯ ಪೆಟ್ಟಿಗೆಯಿಂದ ಬಂದಿದೆ. ಹವಳ ಎಂದರೆ ನಮ್ಮ ಮನಸ್ಸಿಗೆ ಬರುವುದು ನವರತ್ನದ ಕೆಂಪು ಮಣಿ. ಆ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರಕ್ಕೆ ಹೆಸರಾದ ಬೇರೊಂದು ಬಗೆ, ಅದು ದಿಬ್ಬ ಕಟ್ಟುವುದಿಲ್ಲ. ದಿಬ್ಬ ಕಟ್ಟುವ ಹವಳಗಳು ಬಹುಮಟ್ಟಿಗೆ ಕಂದು, ಹಸಿರುಗಂದು, ಜೇನುಬಣ್ಣ. ಆ ಬಣ್ಣ ಬಹುಪಾಲು ಹವಳವನ್ನು ಕಟ್ಟುವ ಪುಟ್ಟ ಪ್ರಾಣಿಗಳಾದ ಪಾಲಿಪ್‌ಗಳ ಮೈಯೊಳಗೆ ಬದುಕುವ ಸೂಕ್ಷ್ಮ ಪಾಚಿಯದು, ಹವಳಕ್ಕೆ ಬೇಕಾದ ಆಹಾರದ ದೊಡ್ಡ ಪಾಲನ್ನು ಕೊಡುವುದೂ ಆ ಪಾಚಿಯೇ. ಇದನ್ನು ಹೇಳದೆ ಹೋದರೆ ನೋಡುವವರು ಆರೋಗ್ಯವಾದ ಕಂದು ಹವಳವನ್ನು ‘ಸತ್ತಿದೆ’ ಎನ್ನುತ್ತಾರೆ, ಬಿಳಿಯದನ್ನು ಕಂಡು ‘ಆಹಾ’ ಎನ್ನುತ್ತಾರೆ.

ಆದ್ದರಿಂದಲೇ ಬ್ಲೀಚಿಂಗ್‌ಗೆ ‘ಬಿಳುಪುಗೊಳ್ಳುವಿಕೆ’ ನನಗೆ ಒಪ್ಪಿಗೆಯಿಲ್ಲ. ಬಟ್ಟೆ ಬಿಳುಪಾದರೆ ಒಳ್ಳೆಯದೇ ಆಯಿತು ಎಂಬ ಛಾಯೆ ಅದಕ್ಕಿದೆ. ‘ಬಿಳಿಚಿಕೊಳ್ಳು’ ಎನ್ನಿ. ಕಾಯಿಲೆ ಬಿದ್ದವರ, ಹೆದರಿದವರ ಮುಖ ಬಿಳಿಚಿಕೊಳ್ಳುತ್ತದೆ. ಮುಖ ಬಿಳಿಚಿದವರು ಸತ್ತಿಲ್ಲ, ಆದರೆ ಚೆನ್ನಾಗಿಯೂ ಇಲ್ಲ. ಹವಳದ ಸ್ಥಿತಿಯೂ ಇದೇ. ನೀರಿನ ಬಿಸಿ ಆ ಜಾಗದ ಅತಿ ಬಿಸಿ ತಿಂಗಳ ಸರಾಸರಿಗಿಂತ 1 ಡಿಗ್ರಿ ಸೆಲ್ಸಿಯಸ್ ಮೇಲೇರಿ ಸುಮಾರು 4 ವಾರ ಹಾಗೇ ನಿಂತರೆ ಹವಳ ತನ್ನ ಪಾಚಿಯನ್ನು ಹೊರಹಾಕುತ್ತದೆ, ಒಳಗಿನ ಸುಣ್ಣದ ಅಸ್ಥಿ ಬಿಳಿಯಾಗಿ ಕಾಣತೊಡಗುತ್ತದೆ. ನೀರು ಬೇಗ ತಣಿದರೆ ಪಾಚಿ ಮರಳಿ ಸೇರುತ್ತದೆ. ತಣಿಯದಿದ್ದರೆ ಹವಳ ಹಸಿದು ಸಾಯುತ್ತದೆ, ಆಮೇಲೆ ಅದರ ಮೇಲೆ ಮಾಸಲು ಬಣ್ಣದ ಬೇರೆ ಪಾಚಿ ಹಬ್ಬುತ್ತದೆ. ಹಾಗಾಗಿ ‘ಬಿಳಿಚಿದ ಹವಳ’, ‘ಸತ್ತ ಹವಳ’ ಎರಡೂ ಪತ್ರದಲ್ಲಿ ಬೇರೆ ಬೇರೆಯಾಗಿಯೇ ಇರಬೇಕು.

ರೀಫ್‌ಗೆ ನನ್ನ ಆಯ್ಕೆ ‘ದಿಬ್ಬ’. ಶಾಲೆಯ ಭೂಗೋಳದಲ್ಲಿ ಓದಿ ಪರಿಚಯವಿರುವ ಪದ.

ಇನ್ನೊಂದು ಉತ್ತರ

ತೇಲು, ಬೋರಲು, ಬಿಳಿಚು ಮೂರಕ್ಕೂ ನನ್ನ ಒಪ್ಪಿಗೆ. ‘ದಿಬ್ಬ’ದ ಬಗ್ಗೆ ಒಂದು ಎಚ್ಚರಿಕೆ. ಬಂಡೆ ಕಂಡರೆ ಕೂರುವುದು, ದಿಬ್ಬ ಕಂಡರೆ ಹತ್ತುವುದು ನಮ್ಮ ಅಭ್ಯಾಸ. ದಣಿದವರು ಕಾಲೂರಲು ಜಾಗ ಹುಡುಕುವಾಗ ಎರಡು ಪದಗಳೂ ಆಹ್ವಾನ ಕೊಟ್ಟಂತೆ. ಬರಹದಲ್ಲಿ ದಿಬ್ಬ ಇರಲಿ. ಆದರೆ ಮಾರ್ಗದರ್ಶಿಯ ಬಾಯಲ್ಲಿ ‘ಅದು ಕಲ್ಲಲ್ಲ, ಜೀವ, ನಿಲ್ಲಬೇಡಿ, ಮುಟ್ಟಬೇಡಿ, ದಣಿದರೆ ಅಂಗಾತ ತೇಲಿ’ ಎಂಬ ಮಾತು ಬರಲೇಬೇಕು. ಗುಂಡಾಗಿ ಬೆಳೆಯುವ ಹವಳ ವರ್ಷಕ್ಕೆ 0.3ರಿಂದ 2 ಸೆಂ.ಮೀ. ಬೆಳೆಯುತ್ತದೆ, ಕವಲೊಡೆಯುವ ಜಾತಿ ಸಾಮಾನ್ಯವಾಗಿ 10 ಸೆಂ.ಮೀ. ವರೆಗೆ. ಒಂದು ಒದೆತಕ್ಕೆ ಮುರಿದದ್ದು ಮತ್ತೆ ಬರಲು ಎಷ್ಟು ವರ್ಷ ಬೇಕೆಂದು ಲೆಕ್ಕ ಹಾಕಿಕೊಳ್ಳಿ. ಮುಟ್ಟಿದವರಿಗೂ ನೋವು ತಪ್ಪದು: ‘ಬೆಂಕಿ ಹವಳ’ ನಿಜವಾದ ಹವಳವೇ ಅಲ್ಲ, ಹೈಡ್ರಾ ಎಂಬ ಪುಟ್ಟ ಜಲಜೀವಿಯ ಬಳಗದ್ದು, ತಾಗಿದರೆ ಸುಟ್ಟಂತೆ ಉರಿಯುತ್ತದೆ.

ಕರೆಂಟ್‌ಗೆ ‘ಸೆಳವು’. ‘ಸುಳಿ’ ಬಳಸಬೇಡಿ, ಅದು ತಿರುಗುವ ನೀರು. ಸೆಳವು ಒಂದೇ ದಿಕ್ಕಿಗೆ ಒಯ್ಯುವ ನೀರು, ಕೆಳಗೆ ನೋಡುತ್ತ ತೇಲುವವರಿಗೆ ಗೊತ್ತೇ ಆಗದಂತೆ ಒಯ್ಯುತ್ತದೆ. ಆದ್ದರಿಂದ ಮೊದಲು ಸೆಳವಿನ ಎದುರಿಗೆ ಹೋಗಿ, ದಣಿದ ಮೇಲೆ ಅದರ ಜೊತೆ ದೋಣಿಗೆ ಮರಳುವುದು ಕ್ರಮ. ಉಬ್ಬರ, ಇಳಿತಗಳ ನಡುವೆ ಸೆಳವು ಅಡಗುವ ಹೊತ್ತಿಗೆ ‘ನಿಂತ ನೀರು’ ಎಂದರೆ ಕೊಚ್ಚೆಯ ನೆನಪಾಗುತ್ತದೆ. ‘ಸೆಳವು ನಿಂತ ಹೊತ್ತು’ ಎನ್ನಿ.

ಈಕ್ವಲೈಸ್‌ಗೆ ಪದ ಹುಡುಕಬೇಕಿಲ್ಲ. ಘಟ್ಟ ಇಳಿಯುವಾಗ, ವಿಮಾನ ಇಳಿಯುವಾಗ ನಾವೆಲ್ಲ ‘ಕಿವಿ ಕಟ್ಟಿತು’, ‘ಕಿವಿ ಬಿಟ್ಟಿತು’ ಎನ್ನುತ್ತೇವೆ. ‘ಕಿವಿ ಬಿಡಿಸಿಕೊಳ್ಳಿ’ ಸಾಕು. ಉಸಿರು ಹಿಡಿದು ಒಂದೆರಡು ಮೀಟರ್ ಕೆಳಗಿಳಿಯುವವರಿಗೆ ಮಾತ್ರ ಇದು ಬೇಕು: ಮೂಗು ಹಿಡಿದು ಮೆಲ್ಲಗೆ ಊದಬೇಕು, ನೋವು ಶುರುವಾದ ಮೇಲಲ್ಲ, ಮೊದಲೇ. ಕಿವಿ ಬಿಡದಿದ್ದರೆ ಮೇಲೆ ಬನ್ನಿ.

ಇಲ್ಲೊಂದು ಕ್ರಿಯಾಪದದ ಸೂಕ್ಷ್ಮ ಇದೆ. ‘ಉಸಿರು ಹಿಡಿ’ ನಾವು ಮಾಡುವುದು, ‘ಉಸಿರು ಕಟ್ಟು’ ನಮಗೆ ಆಗುವುದು. ‘ಉಸಿರು ಕಟ್ಟಿ ಕೆಳಗಿಳಿಯಿರಿ’ ಎಂದು ಯಾರೂ ಬರೆಯದಿರಲಿ. ಇಳಿಯುವ ಮುನ್ನ ಜೋರು ಜೋರಾಗಿ ಹತ್ತಾರು ಬಾರಿ ಉಸಿರಾಡುವುದನ್ನೂ ಸ್ಪಷ್ಟವಾಗಿ ನಿಷೇಧಿಸಿ. ಹಾಗೆ ಮಾಡಿದರೆ ಆಮ್ಲಜನಕ ಹೆಚ್ಚುವುದಿಲ್ಲ, ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ‘ಉಸಿರು ಬೇಕು’ ಎಂದು ಮೈ ಎಚ್ಚರಿಸುವುದು ಆ ಅನಿಲದಿಂದಲೇ. ಎಚ್ಚರಿಕೆ ಬರುವ ಮುನ್ನವೇ ಪ್ರಜ್ಞೆ ತಪ್ಪಬಹುದು.

‘ಕೈ ಬೀಸಿ’ ಎಂಬುದನ್ನೂ ನೋಡಿಕೊಳ್ಳಿ. ನಮಗೆ ಅದು ‘ಹೋಗಿ ಬರುತ್ತೇವೆ’. ಸಮುದ್ರದಲ್ಲಿ ಕೈ ಎತ್ತಿ ಬೀಸಿದರೆ ‘ಕಾಪಾಡಿ’ ಎಂದರ್ಥ. ದೋಣಿಯಲ್ಲಿರುವ ಬಂಧುಗಳತ್ತ ಕೈ ಬೀಸಬೇಡಿ ಎಂದು ಬಿಡಿಸಿ ಹೇಳಬೇಕು. ‘ಚೆನ್ನಾಗಿದ್ದೇನೆ’ ಎನ್ನಲು ಮುಷ್ಟಿಯನ್ನು ನೆತ್ತಿಯ ಮೇಲಿಡುವುದು ದೂರಕ್ಕೂ ಕಾಣುತ್ತದೆ. ಹೆಬ್ಬೆರಳು ಎತ್ತುವುದು ಡೈವಿಂಗ್ ಮಾಡುವವರಲ್ಲಿ ‘ಮೇಲಕ್ಕೆ ಹೋಗೋಣ’, ‘ಸರಿ’ ಅಲ್ಲ.

ನೀರಿಗೆ ‘ಧುಮುಕಿ’ ಬೇಡ, ‘ಇಳಿಯಿರಿ’. ಕಾಲಿಗೆ ತೊಡುವ ಫಿನ್‌ಗೆ ಮೀನಿನ ಪಾಠದಲ್ಲಿರುವ ‘ಈಜುರೆಕ್ಕೆ’ಯೇ ಚೆಂದ. ಅದನ್ನು ಏಣಿಯ ಬಳಿ ಕೂತು ತೊಡಬೇಕು. ತೊಟ್ಟು ನಡೆಯಲೇಬೇಕಾದರೆ ಹಿಮ್ಮುಖವಾಗಿ ಹೆಜ್ಜೆಯಿಡಬೇಕು, ಮುಮ್ಮುಖವಾಗಿ ನಡೆದರೆ ತುದಿ ಮಡಚಿ ಬೀಳುವುದು ಖಚಿತ. ಹತ್ತುವಾಗ ಏಣಿಯನ್ನು ಹಿಡಿದ ಮೇಲೆ ರೆಕ್ಕೆ ಬಿಚ್ಚಿ, ಮೊದಲಲ್ಲ.

‘ಹಾಜರಿ’ ಬೇಡ, ‘ತಲೆ ಎಣಿಕೆ’ ಎನ್ನಿ. ಹಾಜರಿಗೆ ಪಕ್ಕದವರೂ ‘ಬಂದಿದ್ದಾರೆ’ ಎನ್ನಬಹುದು, ತಲೆ ಎಣಿಸಲು ಕಣ್ಣಾರೆ ಕಾಣಬೇಕು. 1998ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಡೈವಿಂಗ್ ದೋಣಿಯೊಂದು ಇಬ್ಬರನ್ನು ನೀರಿನಲ್ಲೇ ಬಿಟ್ಟು ಮರಳಿತು. ಅವರಿಲ್ಲ ಎಂಬುದು ಗೊತ್ತಾಗುವ ಹೊತ್ತಿಗೆ ಎರಡು ದಿನ ಕಳೆದಿತ್ತು, ಅವರು ಸಿಗಲೇ ಇಲ್ಲ. ಈ ಪದ ಪತ್ರದಲ್ಲಿ ಎರಡು ಸಲ ಬರಲಿ: ನೀರಿಗಿಳಿಯುವ ಮುನ್ನ, ಲಂಗರು ಎತ್ತುವ ಮುನ್ನ.

ಮೊದಲ ಉತ್ತರಕ್ಕೆ ಸೇರಿಸುವುದು

ಕಲ್ಲಲ್ಲ, ಜೀವ ಎಂಬ ಮಾತು ನನ್ನ ‘ದಿಬ್ಬ’ಕ್ಕೆ ಬೇಕಾಗಿದ್ದ ಕಾವಲು, ಸೇರಿಸಿಕೊಳ್ಳಿ. ದಿಬ್ಬದ ಬಗೆಗಳನ್ನೂ ಹೇಳುವುದಾದರೆ, ಡಾರ್ವಿನ್ 1842ರಲ್ಲಿ ಮಾಡಿದ ವಿಂಗಡಣೆ ಈಗಲೂ ಬಳಕೆಯಲ್ಲಿದೆ: ದಡಕ್ಕೆ ಅಂಟಿಕೊಂಡದ್ದು ‘ಅಂಚಿನ ದಿಬ್ಬ’, ದಡದಿಂದ ದೂರ ಗೋಡೆಯಂತೆ ನಿಂತದ್ದು ‘ತಡೆದಿಬ್ಬ’, ಉಂಗುರದಂತೆ ಬೆಳೆದದ್ದು ಅಟಾಲ್. ಕೊನೆಯದಕ್ಕೆ ‘ಹವಳದುಂಗುರ’ ಎಂದು ಬರೆಯಲು ನನಗೂ ಆಸೆ, ಆದರೆ ಅದನ್ನು ಓದಿದವರು ಮತ್ತೆ ಒಡವೆ ಅಂಗಡಿಗೇ ಹೋಗುತ್ತಾರೆ. ಅಟಾಲ್ ಎಂಬುದು ಮಾಲ್ಡೀವ್ಸ್‌ನ ಧಿವೇಹಿ ಭಾಷೆಯ ‘ಅತೊಳು’ವಿನಿಂದ ಹೊರಟು ಇಂಗ್ಲಿಷ್‌ಗೆ ಹೋದ ಪದ. ಅಂಥ ದ್ವೀಪಗಳ ಮೇಲೆಯೇ ಬದುಕುವವರ ಮಾತು. ಅದನ್ನು ಹಾಗೇ ಉಳಿಸಿಕೊಂಡು, ಮೊದಲ ಸಲ ಬಂದಲ್ಲಿ ‘ಉಂಗುರದಾಕಾರದ ಹವಳದ ದಿಬ್ಬ’ ಎಂದು ಬಿಡಿಸಿ ಬರೆಯಿರಿ.