ನಿದ್ದೆಯಲ್ಲಿ ಹಲ್ಲು ಕಡಿಯುವವರು ಇಂಪ್ಲಾಂಟ್ ಹಾಕಿಸಬಹುದೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಕೆಳಗಡೆ ಬಲಭಾಗದ ಹಿಂದಿನ ಎರಡು ದವಡೆಹಲ್ಲು ತೆಗೆಸಿದ್ದಾಗಿದೆ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದೆ, ಬೆಳಿಗ್ಗೆ ಕೆನ್ನೆ ಬಿಗಿದಿರುತ್ತದೆ. ಇಂಥವರಿಗೆ ಇಂಪ್ಲಾಂಟ್ (ದವಡೆ ಮೂಳೆಯಲ್ಲಿ ಕೂರಿಸುವ ಕೃತಕ ಹಲ್ಲಿನ ಬೇರು) ನಿಲ್ಲುತ್ತದೆಯೇ?

ದಂತವೈದ್ಯರ ಉತ್ತರ: ಹಲ್ಲು ಕಡಿಯುತ್ತೀರಿ ಎಂಬ ಒಂದೇ ಕಾರಣಕ್ಕೆ ಇಂಪ್ಲಾಂಟ್ ಬೇಡ ಎನ್ನುವಂತಿಲ್ಲ. ಆದರೆ ಎಲ್ಲರಿಗೂ ಹಾಕುವ ಲೆಕ್ಕದಲ್ಲೇ ನಿಮಗೂ ಹಾಕಬಾರದು.

ಸ್ವಂತ ಹಲ್ಲಿನ ಬೇರಿನ ಸುತ್ತ ಸುಮಾರು 0.2 ಮಿ.ಮೀ. ದಪ್ಪದ ನಾರಿನ ಪದರವಿದೆ. ಕಚ್ಚಿದಾಗ ಹಲ್ಲು ಅದರೊಳಗೆ 25ರಿಂದ 100 ಮೈಕ್ರಾನ್‌ವರೆಗೆ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಪಾಲು) ಕುಸಿದು ಮತ್ತೆ ಮೇಲೇಳುತ್ತದೆ. ಒತ್ತಡ ಹೆಚ್ಚಾಯಿತೆಂದು ಮಿದುಳಿಗೆ ತಿಳಿಸುವ ನರಗಳಿರುವುದೂ ಅಲ್ಲೇ. ಇಂಪ್ಲಾಂಟ್‌ಗೆ ಈ ಮೆತ್ತೆಯಿಲ್ಲ. ಟೈಟಾನಿಯಂ ನೇರವಾಗಿ ಮೂಳೆಗೆ ಬೆಸೆದುಕೊಂಡಿರುವುದರಿಂದ ಅದು ಕದಲುವುದು 3ರಿಂದ 5 ಮೈಕ್ರಾನ್ ಮಾತ್ರ. ಬಲವೆಲ್ಲ ಇಂಪ್ಲಾಂಟ್ ಮೇಲೆ ಕೂರುವ ಕೃತಕ ಹಲ್ಲು (ಕ್ಯಾಪ್), ಅದನ್ನು ಹಿಡಿದಿಡುವ ಸ್ಕ್ರೂ, ಮೂಳೆಯ ಮೇಲೆ ಬೀಳುತ್ತದೆ. ನೇರ ಒತ್ತಡವನ್ನು ಇಂಪ್ಲಾಂಟ್ ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ಮಸೆಯುವಾಗಿನ ಅಡ್ಡ ಎಳೆತವನ್ನು ಮಾತ್ರ ಅದು ತಾಳುವುದು ಕಷ್ಟ.

ಆದ್ದರಿಂದ ಎರಡು ಹಲ್ಲಿನ ಜಾಗಕ್ಕೆ ಎರಡು ಇಂಪ್ಲಾಂಟ್ ಹಾಕಿಸಿ. ಒಂದೇ ಹಾಕಿ ಇನ್ನೊಂದು ಹಲ್ಲನ್ನು ಪಕ್ಕಕ್ಕೆ ನೇತುಹಾಕುವುದು ನಿಮ್ಮಂಥವರಿಗೆ ಬೇಡವೇ ಬೇಡ. ಅದು ಸನ್ನೆಕೋಲಿನಂತೆ ಸ್ಕ್ರೂವನ್ನು ಮೀಟುತ್ತಿರುತ್ತದೆ. ಮೂಳೆ ಅಗಲವಿದ್ದರೆ 4.5ರಿಂದ 5 ಮಿ.ಮೀ. ವ್ಯಾಸದ್ದು ಒಳ್ಳೆಯದು, ಆದರೆ ಸುತ್ತ ಕನಿಷ್ಠ 1.5 ಮಿ.ಮೀ. ಮೂಳೆ ಉಳಿಯಬೇಕು. ಅದೇ ದಿನ ಕ್ಯಾಪ್ ಕೂರಿಸುವ ಆಸೆ ಬಿಡಿ. ಕೆಳದವಡೆಗೆ ಸುಮಾರು 3 ತಿಂಗಳು ಕಾಯಬೇಕು, ಮೂಳೆ ಮೆದುವಾದ ಮೇಲ್ದವಡೆಯಾದರೆ 4ರಿಂದ 6 ತಿಂಗಳು.

ದಂತ ತಂತ್ರಜ್ಞರ ಸೇರ್ಪಡೆ: ಕ್ಯಾಪ್ ಬಗ್ಗೆ ನಾನು ಹೇಳುತ್ತೇನೆ. ಮೇಲೆ ಪೋರ್ಸಲೇನ್ (ಪಿಂಗಾಣಿ) ಪದರ ಹಚ್ಚಿದ ಕ್ಯಾಪ್ ನೋಡಲು ಚೆಂದ, ಆದರೆ ಮಸೆಯುವವರ ಬಾಯಲ್ಲಿ ಮೊದಲು ಚಕ್ಕೆ ಏಳುವುದೇ ಆ ಪದರ. ಹಿಂದಿನ ಹಲ್ಲಿಗೆ ಪದರವಿಲ್ಲದ ಇಡೀ ಜಿರ್ಕೋನಿಯಾ (ಬಲು ಗಟ್ಟಿಯಾದ ಬಿಳಿ ಸೆರಾಮಿಕ್) ಅಥವಾ ಲೋಹ ಕೇಳಿ. ಜಿರ್ಕೋನಿಯಾ ಆದರೆ ಕನ್ನಡಿಯಂತೆ ಪಾಲಿಷ್ ಆಗಿರಲೇಬೇಕು. ತರಿತರಿಯಾಗಿದ್ದರೆ ಎದುರಿನ ಹಲ್ಲನ್ನು ಸವೆಸುತ್ತದೆ. ಉಬ್ಬುಗಳು ತಗ್ಗಾಗಿ, ಜಗಿಯುವ ಮೇಲ್ಮೈ ಕಿರಿದಾಗಿರಲಿ. ಸಿಮೆಂಟ್ ಅಂಟಿಸಿದ್ದಕ್ಕಿಂತ ಸ್ಕ್ರೂ ಹಾಕಿ ಕೂರಿಸಿದ ಕ್ಯಾಪ್ ವಾಸಿ, ತೊಂದರೆಯಾದರೆ ಒಡೆಯದೆ ಬಿಚ್ಚಬಹುದು.

ದಂತವೈದ್ಯರು: ಹೌದು. ಸ್ಕ್ರೂವನ್ನು ಟಾರ್ಕ್ ರೆಂಚ್‌ನಿಂದ (ಬಿಗಿತ ಅಳೆದು ತಿರುಗಿಸುವ ಸಾಧನ) ತಯಾರಕರು ಹೇಳಿದಷ್ಟೇ ಬಿಗಿಯಬೇಕು, ಸಾಮಾನ್ಯವಾಗಿ 25ರಿಂದ 35 ನ್ಯೂಟನ್ ಸೆಂಟಿಮೀಟರ್. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಅಷ್ಟೇ ಬಿಗಿಯಬೇಕು, ಏಕೆಂದರೆ ಸ್ಕ್ರೂವಿನ ಸುರುಳಿ ಎಳೆಗಳು ಕೂತುಕೊಂಡಾಗ ಮೊದಲಿನ ಬಿಗಿ ಸ್ವಲ್ಪ ಇಳಿಯುತ್ತದೆ. ಆಮೇಲೆ 8 ಮೈಕ್ರಾನ್ ತೆಳುಹಾಳೆ ಇಟ್ಟು ಕಚ್ಚಿಸಿ ನೋಡುತ್ತೇವೆ. ಮೆಲ್ಲಗೆ ಕಚ್ಚಿದಾಗ ಇಂಪ್ಲಾಂಟ್ ಮೇಲೆ ಹಾಳೆ ಜಾರಬೇಕು, ಗಟ್ಟಿಯಾಗಿ ಕಚ್ಚಿದಾಗಷ್ಟೇ ಹಿಡಿಯಬೇಕು. ದವಡೆ ಪಕ್ಕಕ್ಕೆ ಸರಿಸಿದಾಗ ಆ ಕ್ಯಾಪ್ ಎದುರಿನ ಹಲ್ಲಿಗೆ ತಾಗಲೇಬಾರದು.

ಪ್ರಶ್ನೆ: ಬಿಸಿನೀರಲ್ಲಿ ಅದ್ದಿ ಕಚ್ಚಿಕೊಳ್ಳುವ ಮೆತ್ತನೆಯ ನೈಟ್ ಗಾರ್ಡ್ (ರಾತ್ರಿ ಹಲ್ಲಿಗೆ ತೊಡುವ ಕವಚ) ಸಾಕೇ?

ದಂತವೈದ್ಯರು: ಸಾಲದು. ಮೆತ್ತಗಿರುವುದನ್ನು ಕೆಲವರು ಇನ್ನಷ್ಟು ಜಗಿಯುತ್ತಾರೆ, ಎಲ್ಲ ಹಲ್ಲಿಗೂ ಅದು ಸಮನಾಗಿ ತಾಗುವುದೂ ಇಲ್ಲ. ಅಳತೆ ಕೊಟ್ಟು ಮಾಡಿಸಿದ ಗಟ್ಟಿ ಅಕ್ರಿಲಿಕ್‌ನದು ಬೇಕು, ದಪ್ಪ 2ರಿಂದ 3 ಮಿ.ಮೀ. ಅಂತಿಮ ಕ್ಯಾಪ್ ಕೂತ ಮೇಲೆ ಅಳತೆ ಕೊಡಿ. ಹಳೆಯ ಗಾರ್ಡ್ ಹೊಸ ಕ್ಯಾಪ್‌ಗೆ ಹೊಂದುವುದಿಲ್ಲ. ಬಿಸಿನೀರಲ್ಲಿ ತೊಳೆದರೆ ಸೊಟ್ಟಗಾಗುತ್ತದೆ. ಪ್ರತಿ ತಪಾಸಣೆಗೂ ಅದನ್ನು ಜೊತೆಗೆ ತನ್ನಿ, ಸವೆತದ ಗುರುತು ನೋಡಿದರೆ ಬಲ ಎಲ್ಲಿ ಬೀಳುತ್ತಿದೆ ಎಂದು ತಿಳಿಯುತ್ತದೆ.

ಇನ್ನೊಬ್ಬರ ಪ್ರಶ್ನೆ: ಎರಡು ವರ್ಷದ ಹಿಂದೆ ಹಾಕಿಸಿದ ಇಂಪ್ಲಾಂಟ್ ಕ್ಯಾಪ್ ಈಗ ಸ್ವಲ್ಪ ಅಲ್ಲಾಡುತ್ತಿದೆ. ನೋವಿಲ್ಲ. ಮುಂದಿನ ತಿಂಗಳ ತಪಾಸಣೆವರೆಗೆ ಕಾಯಬಹುದೇ?

ದಂತವೈದ್ಯರು: ದಯವಿಟ್ಟು ಕಾಯಬೇಡಿ. ಆದಷ್ಟು ಬೇಗ, ಇದೇ ವಾರದಲ್ಲೇ ತೋರಿಸಿ, ಅಲ್ಲಿವರೆಗೆ ಆ ಬದಿಯಲ್ಲಿ ಜಗಿಯಬೇಡಿ. ಬಹಳ ಸಲ ಸಡಿಲವಾಗಿರುವುದು ಒಳಗಿನ ಸ್ಕ್ರೂ ಅಷ್ಟೇ. ಈಗಲೇ ಹೋದರೆ ಹೊಸ ಸ್ಕ್ರೂ ಹಾಕಿ ಬಿಗಿದರೆ ಮುಗಿಯಿತು. ಸಡಿಲ ಸ್ಕ್ರೂ ಮೇಲೆ ಜಗಿಯುತ್ತಾ ಹೋದರೆ ಅದು ಬಾಗಿ ಬಾಗಿ ಒಳಗೇ ತುಂಡಾಗುತ್ತದೆ, ಆ ತುಂಡನ್ನು ತೆಗೆಯುವುದು ಬಲು ನಾಜೂಕಿನ ಕೆಲಸ. ಬಿಗಿದ ಮೇಲೂ ಮತ್ತೆ ಸಡಿಲವಾದರೆ ಕಚ್ಚುವ ಹೊಂದಾಣಿಕೆಯನ್ನೇ ಪರೀಕ್ಷಿಸಬೇಕು. ಇಂಪ್ಲಾಂಟೇ ಮೂಳೆಯೊಳಗೆ ಅಲ್ಲಾಡುತ್ತಿದ್ದರೆ ಮಾತ್ರ ಅದನ್ನು ತೆಗೆಯಬೇಕಾಗುತ್ತದೆ.

ಪ್ರಶ್ನೆ: ಬೊಟಾಕ್ಸ್ (ಸ್ನಾಯು ಸಡಿಲಿಸುವ ಔಷಧ) ಚುಚ್ಚಿಸಿಕೊಂಡರೆ ಕಡಿಯುವುದು ನಿಲ್ಲುತ್ತದೆಯೇ?

ದಂತವೈದ್ಯರು: ಕಡಿಯುವ ಬಲ ತಗ್ಗುತ್ತದೆ, ಅದೂ ಮೂರು ನಾಲ್ಕು ತಿಂಗಳು. ಅಭ್ಯಾಸ ಹೋಗುವುದಿಲ್ಲ. ಜೋರು ಗೊರಕೆ, ಹಗಲಲ್ಲಿ ತೂಕಡಿಕೆ ಇದ್ದರೆ ಮೊದಲು ನಿದ್ದೆಯ ತಪಾಸಣೆ ಮಾಡಿಸಿ, ಉಸಿರು ಕಟ್ಟುವ ತೊಂದರೆ ಜೊತೆಗಿರಬಹುದು. ಸರ್ಟ್ರಾಲಿನ್, ಫ್ಲೂಆಕ್ಸೆಟಿನ್‌ನಂಥ ಖಿನ್ನತೆಯ ಮಾತ್ರೆಗಳಿಂದಲೂ ಕೆಲವರಿಗೆ ಇದು ಶುರುವಾಗುತ್ತದೆ. ಅವನ್ನು ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೆ ತಿಳಿಸಿ.