ಸಹಾಯ ಬೇಕು: ನಮ್ಮೂರ ಶಾಲೆ ವಿಲೀನದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಶಿರಸಿ ತಾಲೂಕಿನ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಈಗ ಒಂಬತ್ತೇ ಮಕ್ಕಳು. ಅದನ್ನು ನಾಲ್ಕು ಕಿಲೋಮೀಟರ್ ದೂರದ ದೊಡ್ಡ ಶಾಲೆಗೆ ಸೇರಿಸುವ ಮಾತು ನಡೆದಿದೆ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಮ್ಮ ಅಭಿಪ್ರಾಯ ಕೇಳಿದ್ದಾರೆ, ಮುಂದಿನ ವಾರ ಉತ್ತರ ಕೊಡಬೇಕು.

ಒಪ್ಪಿಕೊಂಡರೆ ಲಾಭ ಇದೆ, ಇಲ್ಲ ಅನ್ನುವುದಿಲ್ಲ. ಇಲ್ಲಿ ಒಬ್ಬರೇ ಅಕ್ಕೋರು ಐದೂ ತರಗತಿ ನೋಡಿಕೊಳ್ಳುತ್ತಾರೆ. ಅವರು ಮೀಟಿಂಗಿಗೆ ಹೋದ ದಿನ ಪಾಠವೇ ಇಲ್ಲ. ಅಲ್ಲಿ ತರಗತಿಗೊಬ್ಬರು ಶಿಕ್ಷಕರು, ಆಡಲು ಜೊತೆಗಾರರು.

ಆದರೆ ದಾರಿ! ಮಧ್ಯೆ ಹಳ್ಳ ಇದೆ, ದಾಟಲು ಅಡಿಕೆ ಮರದ ಸಂಕ. ಜುಲೈನಲ್ಲಿ ನೀರು ಸಂಕದ ಮೇಲೇ ಹರಿಯುತ್ತದೆ. ನನ್ನ ಮಗಳಿಗೆ ಆರು ವರ್ಷ. ಕಳೆದ ಮಳೆಗಾಲ ಅವಳ ಕೈ ಹಿಡಿದು ದಾಟುವಾಗ ನನ್ನ ಕಾಲೇ ಜಾರಿತ್ತು. ಬೆಳಿಗ್ಗೆ ಬಸ್ಸೂ ಇಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ 2010ರ ಕೇಂದ್ರ ನಿಯಮದಲ್ಲಿ 1ರಿಂದ 5ನೇ ತರಗತಿಗೆ 1 ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತಿದೆ. ನೆರೆ, ಭೂಕುಸಿತದ ಜಾಗದಲ್ಲಿ ಈ ದೂರ ಇನ್ನೂ ಕಡಿಮೆ ಮಾಡಬೇಕು ಅಂತಲೂ ಇದೆ.

ಸಿದ್ದಾಪುರ, ಯಲ್ಲಾಪುರ, ಅಂಕೋಲಾ ಕಡೆ ಯಾರಾದರೂ ಇದನ್ನು ಎದುರಿಸಿದ್ದೀರಾ? ವಾಹನ ಕೊಡುತ್ತೇವೆ ಅಂದವರು ಮಳೆಗಾಲದಲ್ಲೂ ಕೊಟ್ಟರಾ? ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಮನವಿ ಬರೆದಿದ್ದರೆ ಅದರ ಫೋಟೋ ಹಾಕಿ, ದಯವಿಟ್ಟು. ಕನಿಷ್ಠ ಮೂರನೇ ತರಗತಿವರೆಗಾದರೂ ಇಲ್ಲೇ ಉಳಿಸಿ ಅಂತ ಕೇಳಬಹುದಾ?